ಅಮಾಸಿ ದಿನದ ಎಣಿಕೆ

ನನ್ನ ಬೀಳ್ಕೊಡುಗೆಯ ದಿನ ಶಾಲು ಹೊದಿಸಿದವರೊಬ್ಬರು ಮೈಕು ಹಿಡಿದು, ಪ್ರಭಾವತಿ ಮೇಡಂ ಅವರದು ಬಹಳ ಸೌಮ್ಯ ಸ್ವಭಾವ, ಇಷ್ಟು ವರ್ಷದ ಸೇವೆಯಲ್ಲಿ ಯಾರೊಂದಿಗೂ ಜಗಳ ಮಾಡಿದವರಲ್ಲ ಎಂದರು. ಶುದ್ಧ ಸುಳ್ಳು. ಹೇಳಿದವರಿಗೂ ಅದು ಗೊತ್ತಿತ್ತು, ಕೆಳಗೆ ಕೂತು ಚಪ್ಪಾಳೆ ಹೊಡೆದವರಿಗೂ ಗೊತ್ತಿತ್ತು. ಅವರಲ್ಲಿ ಅರ್ಧ ಜನರ ಜೊತೆ ನಾನು ಜಗಳ ಮಾಡಿದ್ದೆ. ಉಳಿದರ್ಧ ಜನ ಆ ಜಗಳಗಳನ್ನು ಕಿಟಕಿಯಾಚೆ ನಿಂತು ಕೇಳಿಸಿಕೊಂಡಿದ್ದರು.

ಈಚೆಗೆ ನಮ್ಮ ಶಾಖೆಗೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಹುಮನಾಬಾದಿನ ನಮ್ಮ ಮನೆಗೆ ಬಂದಿದ್ದರು. ಕೆಲಸ ಹೇಗಿರುತ್ತದೆ ಹೇಳಿ ಎಂದು ಕೇಳಿದರು. ತರಬೇತಿಯಲ್ಲಿ ಅವರಿಗೆ ನಕ್ಷೆ ಓದುವುದನ್ನು ಕಲಿಸಿದ್ದಾರೆ, ಕಂಪ್ಯೂಟರು ಕಲಿಸಿದ್ದಾರೆ, ಮೇಲಿನವರಿಗೆ ನಮಸ್ಕಾರ ಮಾಡುವುದನ್ನೂ ಕಲಿಸಿದ್ದಾರೆ. ಎದುರು ಮಾತಾಡುವುದನ್ನು ಮಾತ್ರ ಕಲಿಸಿಲ್ಲ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು ಎನ್ನುವುದು ಇದರಲ್ಲಿ ಬರುವುದಿಲ್ಲ. ಕಚೇರಿಯ ಹೆಸರನ್ನೂ ಹೇಳುವುದಿಲ್ಲ, ಈಗ ಅಲ್ಲಿ ಕೂತವರಿಗೂ ಈ ಹಳೇ ಮಾತಿಗೂ ಸಂಬಂಧವಿಲ್ಲ.

ನಮ್ಮ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಊರ ಹೊರಗೆ ಯಾರೋ ಹೊಲ ಒಡೆದು ಪ್ಲಾಟ್ ಹಾಕುತ್ತಾರೆ. ಪ್ಲಾಟ್ ಮಾರಾಟವಾಗುತ್ತವೆ, ಮನೆ ಏಳುತ್ತವೆ. ಒಂದೊಂದು ಮನೆಗೂ ಮರಳಿನ ಟಿಪ್ಪರ್ ಬರುತ್ತದೆ, ನೀರಿನ ಟ್ಯಾಂಕರ್ ಬರುತ್ತದೆ, ಆಮೇಲೆ ಎರಡು ಬೈಕು, ಶಾಲೆಯ ವ್ಯಾನು. ಇದೆಲ್ಲ ಓಡುವುದು ಹಳೇ ರಸ್ತೆಯ ಮೇಲೆ. ಹಳೇ ರಸ್ತೆ ಕಿತ್ತುಹೋದಾಗ ತಗ್ಗಿನಲ್ಲಿ ಬೀಳುವವರು ಹಳೇ ಜನ. ಹೀಗಾಗಿ, ಪ್ಲಾಟ್ ಮಾರಿ ಲಾಭ ಮಾಡುವವರು ರಸ್ತೆಗೂ ತಮ್ಮ ಪಾಲು ಕೊಡಬೇಕು ಎಂಬ ಕಟ್ಟಳೆ ಬಂತು. ನಾವು ಅದನ್ನು ರಸ್ತೆ ಶುಲ್ಕ ಅನ್ನುತ್ತಿದ್ದೆವು. ಯಾವ ರಸ್ತೆ ಎಷ್ಟು ಭಾರ ತಾಳುತ್ತದೆ, ಹೊಸ ರಸ್ತೆ ಬೇಕೋ ಬೇಡವೋ, ಯಾರು ಎಷ್ಟು ಕೊಡಬೇಕು ಎಂದು ಹೇಳಲಿಕ್ಕೆ ಒಂದು ಸಲಹಾ ಸಮಿತಿ. ಮುಖ್ಯ ಅಧಿಕಾರಿ, ನಮಗೆಲ್ಲ ಸಾಹೇಬರು, ಅದರ ಅಧ್ಯಕ್ಷರು. ವ್ಯಾಪಾರಿಗಳ ಪರವಾಗಿ ಒಬ್ಬರು, ಪ್ಲಾಟಿನ ಮಾಲೀಕರ ಪರವಾಗಿ ಒಬ್ಬರು, ಸಾರ್ವಜನಿಕರ ಪರವಾಗಿ ಒಬ್ಬ ನಿವೃತ್ತ ಹೆಡ್‌ಮಾಸ್ತರರು. ನಾನು ಕಾರ್ಯದರ್ಶಿ. ಅಳೆಯುವುದು, ಬರೆಯುವುದು, ಸಭೆ ಕರೆಯುವುದು ನನ್ನ ಪಾಲಿಗೆ.

ಮೊದಲ ಸಭೆಯಲ್ಲಿ ಚಹಾ ಬಂದಾಗ ಎಲ್ಲರೂ ನನ್ನ ಕಡೆ ನೋಡಿದರು. ನಾನೂ ಅವರ ಕಡೆ ನೋಡಿದೆ. ಕೆಟಲಿನಲ್ಲಿ ಚಹಾ ಆರಿಹೋಯಿತು. ಎರಡನೇ ಸಭೆಯಿಂದ ಜವಾನ ಬಗ್ಗಿಸಿ ಕೊಡತೊಡಗಿದ.

ಆ ಸಮಿತಿಯಲ್ಲಿ ನಾನು ಅತಿ ಹೆಚ್ಚು ಸಲ ಕೇಳಿದ ಮಾತು "ನೋಡೋಣ್ರಿ". ನಮ್ಮ ಭಾಗದಲ್ಲಿ ನೋಡೋಣ್ರಿ ಎಂದರೆ ಆಗುವುದಿಲ್ಲ ಎಂದರ್ಥ. ಮುಖದ ಮೇಲೆ ಇಲ್ಲ ಅನ್ನಬಾರದು ಎಂಬ ಮರ್ಯಾದೆಗೆ ಹಾಗೆ ಹೇಳುತ್ತಾರೆ. ನಾನು ನಡಾವಳಿ ಬರೆಯುವಾಗ ಅಧ್ಯಕ್ಷರು ನೋಡೋಣ್ರಿ ಎಂದರು, ಸದಸ್ಯರು ನೋಡೋಣ್ರಿ ಎಂದರು ಅಂತಲೇ ಬರೆದೆ. ಸಾಹೇಬರು ಕರೆದು ಬೈದರು. ಪರಿಶೀಲಿಸಲು ತೀರ್ಮಾನಿಸಲಾಯಿತು ಎಂದು ಬರೆಯಬೇಕಂತೆ. ಹಾಗಾದರೆ ಯಾರು ಪರಿಶೀಲಿಸುತ್ತಾರೆ, ಯಾವಾಗಿನೊಳಗೆ, ಅದನ್ನೂ ಹೇಳಿ, ಬರೆಯುತ್ತೇನೆ ಎಂದೆ. ಅವತ್ತಿನಿಂದ ನನ್ನೆದುರು ಆ ಮಾತು ಸ್ವಲ್ಪ ಕಡಿಮೆಯಾಯಿತು. ನನ್ನ ಬಗ್ಗೆ ಬೇರೆ ಮಾತು ಹೆಚ್ಚಾದವು, ಅದು ಬೇರೆ ವಿಷಯ.

ಕೆಲಸ ಕಲಿತದ್ದು ಬಸವಕಲ್ಯಾಣದಲ್ಲಿ, ಕರೀಂ ಸಾಹೇಬರ ಕೈಕೆಳಗೆ. ಅವರು ಹಳೇ ಕಾಲದ ಇಂಜಿನಿಯರು. ಉರ್ದು ಕಲಿತವರು, ಕನ್ನಡದಲ್ಲಿ ಬರೆಯುವಾಗ ನಾಲಗೆ ಕಚ್ಚಿಕೊಂಡು ಬರೆಯುತ್ತಿದ್ದರು. ಯಾವುದೇ ರಸ್ತೆಯ ಬಗ್ಗೆ ವರದಿ ಕೇಳಿದರೆ ಮೊದಲು ಆ ರಸ್ತೆಯ ಮೇಲಿನ ಚಹಾದ ಹೋಟೆಲಿಗೆ ಹೋಗಿ ಕೂರುವರು. ಒಂದು ಚಹಾ ಕುಡಿದು ಎದ್ದರೆ ಸಣ್ಣ ರಸ್ತೆ. ಎರಡನೇ ಚಹಾಕ್ಕೆ ಹೇಳಿದರೆ ಆ ರಸ್ತೆಗೆ ಲಾರಿ ಬರುತ್ತಿವೆ ಎಂದು ನಾನು ತಿಳಿದುಕೊಳ್ಳುತ್ತಿದ್ದೆ. ಆಮೇಲೆ ಗಂಟೆಗೊಮ್ಮೆ ಗೀಟು ಎಳೆದು ವಾಹನ ಎಣಿಸುವ ಪದ್ಧತಿ ಬಂತು, ಅದಾದ ಮೇಲೆ ಕಂಬಕ್ಕೆ ಕ್ಯಾಮೆರಾ ಕಟ್ಟಿ ಎಣಿಸುವುದು ಬಂತು. ಕ್ಯಾಮೆರಾ ಒಳ್ಳೆಯದೇ. ಅದಕ್ಕೆ ಹೊಟ್ಟೆ ಹಸಿಯುವುದಿಲ್ಲ, ನಿದ್ದೆ ಬರುವುದಿಲ್ಲ. ಆದರೆ ಯಾವ ದಿನ ಕಟ್ಟಬೇಕು ಎಂದು ಅದು ತಾನೇ ಹೇಳುವುದಿಲ್ಲ. ಮುಂದೆ ಹೇಳುವ ಸಂಗತಿಯೆಲ್ಲ ಅದರಲ್ಲೇ ಇದೆ.

ಬಸವಕಲ್ಯಾಣದ ದಿನಗಳದ್ದೇ ಇನ್ನೊಂದು ಸಂಗತಿ ನೆನಪಾಗುತ್ತದೆ. ಒಬ್ಬರು ಗೋದಾಮು ಕಟ್ಟುತ್ತೇವೆ ಎಂದು ಅರ್ಜಿ ಹಾಕಿ, ಗೋದಾಮಿಗೆ ಹತ್ತುವ ಕಡಿಮೆ ಶುಲ್ಕ ಕಟ್ಟಿ ಪರವಾನಗಿ ಪಡೆದಿದ್ದರು. ಒಂದು ದಿನ ನಾನು ಬಸ್ಸಿನಲ್ಲಿ ಬರುವಾಗ ಆ ಗೋದಾಮಿನ ಮುಂದೆ ಬಸ್ಸು ನಿಂತುಬಿಟ್ಟಿತು. ಮುಂದೆ ಬ್ಯಾಂಡು, ಕುದುರೆಯ ಮೇಲೆ ಮದುಮಗ, ರಸ್ತೆಯುದ್ದಕ್ಕೂ ಅಡ್ಡಾದಿಡ್ಡಿ ಜೀಪು. ಇಳಿದು ಹೋಗಿ ಮಾಲೀಕರನ್ನು ಕೇಳಿದೆ. ಯಾಕ್ರಿ ಬಾಯಿ, ಗೋದಾಮಿನಾಗ ಲಗ್ನ ಮಾಡಬಾರದೇನ್ರಿ ಎಂದರು ನಗುತ್ತಾ. ಮಾಡಿ, ಆದರೆ ಶುಲ್ಕ ಮಂಗಲ ಕಾರ್ಯಾಲಯದ್ದು ಕಟ್ಟಿ ಎಂದು ಮರುದಿನ ನೋಟಿಸು ಕಳಿಸಿದೆ. ಶುಭಕಾರ್ಯದ ಮನೆಗೆ ನೋಟಿಸು ಕಳಿಸಿದ ಹೆಂಗಸು ಎಂದು ಊರಲ್ಲಿ ಹೆಸರಾಯಿತು. ನಾನೇನು ಆ ಹೆಸರನ್ನು ತೊಳೆದುಕೊಳ್ಳಲಿಕ್ಕೆ ಹೋಗಲಿಲ್ಲ.

ಇನ್ನು ಹುಮನಾಬಾದಿನ ಸಂಗತಿ. ಹೊಸಬರು ಇದನ್ನು ಲಕ್ಷ್ಯಗೊಟ್ಟು ಓದಬೇಕು.

ಊರ ಅಂಚಿನಲ್ಲಿ ಒಂದು ಓಣಿ ಇದೆ, ಹಳೇ ನಾಕಾ ಓಣಿ ಅಂತ ಕರೆಯುವುದು ರೂಢಿ. ದುಬಲಗುಂಡಿ ಕಡೆಯಿಂದ ಬಂದು ನೆಲೆಸಿದ ಕೂಲಿ ಜನ ಅಲ್ಲಿದ್ದಾರೆ, ಹೆಚ್ಚಿನವರು ಬೌದ್ಧರು. ಗಂಡಸರು ಅಡತ್ ಬಜಾರಿನಲ್ಲಿ, ಅಂದರೆ ಕಾಳುಕಡಿಯ ದಲ್ಲಾಳಿ ಅಂಗಡಿಗಳ ಸಾಲಿನಲ್ಲಿ, ಹಮಾಲಿ ಮಾಡುತ್ತಾರೆ, ಹೆಂಗಸರು ಅಲ್ಲೇ ಕಾಳು ಹಸನು ಮಾಡಲಿಕ್ಕೆ ಹೋಗುತ್ತಾರೆ. ಓಣಿಯ ನಡುವಿನ ರಸ್ತೆ ಅಗಲವಿಲ್ಲ. ಆದರೂ ಹಳ್ಳಿಗಳಿಂದ ತೊಗರಿ, ಕಡಲೆ, ಸೋಯಾ ಹೇರಿಕೊಂಡು ಬಜಾರಿಗೆ ಬರುವ ಟ್ರ್ಯಾಕ್ಟರುಗಳಿಗೆ ಅದೇ ಹತ್ತಿರದ ದಾರಿ. ಬಜಾರಿನ ದಿನ ಎರಡು ಟ್ರಾಲಿ ಎದುರಾದರೆ ಒಂದು ಹಿಂದಕ್ಕೆ ಸರಿಯಬೇಕು, ಮಕ್ಕಳನ್ನು ಕಟ್ಟೆಯ ಮೇಲೆ ಎತ್ತಿಕೊಳ್ಳಬೇಕು.

ಓಣಿಯ ಹಿಂದಿನ ಜಮೀನು ವೈಜಿನಾಥಪ್ಪ ಎಂಬುವರದು. ಜಮೀನಿನ ಒಂದು ಬದಿ ಹೆದ್ದಾರಿಗೆ ಹತ್ತಿದೆ, ಇನ್ನೊಂದು ಬದಿ ಈ ಓಣಿಗೆ. ಅವರು ಅದರಲ್ಲಿ ಪ್ಲಾಟ್ ಹಾಕಲು ಅರ್ಜಿ ಕೊಟ್ಟರು. ಪ್ಲಾಟಿಗೆ ದಾರಿ ಎಲ್ಲಿಂದ ಎಂಬುದು ಪ್ರಶ್ನೆ. ಹೆದ್ದಾರಿಯಿಂದ ದಾರಿ ಬಿಟ್ಟರೆ ಬಹಳ ಬೆಲೆ ಬಾಳುವ ಮುಂದಿನ ಪ್ಲಾಟುಗಳು ರಸ್ತೆಗೆ ಹೋಗುತ್ತವೆ. ಓಣಿಯಿಂದ ದಾರಿ ಮಾಡಿದರೆ ಅವರಿಗೆ ಒಂದು ಗೇಣು ಜಾಗವೂ ಹೋಗುವುದಿಲ್ಲ. ನಮ್ಮ ಕಟ್ಟಳೆ ಹೀಗಿತ್ತು: ಓಣಿಯ ರಸ್ತೆ ಖಾಲಿ ಇದೆ, ಇನ್ನಷ್ಟು ವಾಹನ ತಾಳುತ್ತದೆ ಎಂದು ಎಣಿಕೆಯಲ್ಲಿ ಬಂದರೆ ಪ್ಲಾಟಿನ ಬಾಯಿ ಅಲ್ಲಿಗೇ ತೆರೆಯಬಹುದು, ಶುಲ್ಕವೂ ನೆಪಕ್ಕಷ್ಟೆ. ರಸ್ತೆ ತುಂಬಿದೆ ಎಂದು ಬಂದರೆ ತಮ್ಮ ಜಮೀನಿನಲ್ಲೇ ಹೆದ್ದಾರಿವರೆಗೆ ರಸ್ತೆ ಬಿಟ್ಟು, ಪೂರ್ತಿ ಶುಲ್ಕ ಕೊಟ್ಟು, ಆ ರಸ್ತೆಯನ್ನು ಸಾರ್ವಜನಿಕರಿಗೆ ಒಪ್ಪಿಸಬೇಕು.

ಒಮ್ಮೆ ಓಣಿಗೆ ಬಾಯಿ ತೆರೆದರೆ ಮುಂದೇನಾಗುತ್ತದೆ ಎಂದು ನನಗೆ ಗೊತ್ತಿತ್ತು. ವಾಹನ ಹೆಚ್ಚುತ್ತವೆ, ಹೊಸ ಮನೆಯವರು ರಸ್ತೆ ಸಣ್ಣದಾಯಿತು ಎಂದು ಅರ್ಜಿ ಕೊಡುತ್ತಾರೆ, ರಸ್ತೆ ಅಗಲ ಮಾಡುವ ಆದೇಶ ಬರುತ್ತದೆ. ಅಗಲ ಮಾಡುವುದೆಂದರೆ ಎರಡೂ ಬದಿಯ ಮನೆಗಳ ಮುಂದಿನ ಕೋಣೆ ಒಡೆಯುವುದು. ಆ ಮನೆಗಳಿಗೆ ಇರುವುದೇ ಎರಡು ಕೋಣೆ.

ನಾನು ಇದನ್ನು ಊಹೆಯಿಂದ ಹೇಳುತ್ತಿಲ್ಲ. ಒಂದು ದಿನ ರುಕ್ಮಾಬಾಯಿ ಎಂಬ ಹೆಂಗಸು ಕಚೇರಿಗೆ ಬಂದಳು. ಗಂಡ ಹಮಾಲ, ಅವಳು ಕಾಳಿನ ಕೂಲಿ. ಮುಂದಿನ ಕೋಣೆಯಲ್ಲಿ ಸೊಸೆ ಹೊಲಿಗೆ ಯಂತ್ರ ಇಟ್ಟುಕೊಂಡು ಓಣಿಯ ಬಟ್ಟೆ ಹೊಲಿಯುತ್ತಾಳೆ. ಆ ಕೋಣೆಯನ್ನು ಅವರು ಒಂದು ಸುಗ್ಗಿಗೆ ಗೋಡೆ, ಮತ್ತೊಂದು ಸುಗ್ಗಿಗೆ ತಗಡು ಎಂದು ಕಟ್ಟಿಕೊಂಡಿದ್ದರು. ಬಾಗಿಲಲ್ಲೇ ನಿಂತಳು. ಒಳಗೆ ಬಂದು ಕೂರು ಎಂದರೂ ಕೂರಲಿಲ್ಲ.

"ಬಾಯಿ, ಯಾರೋ ಬಂದು ನಮ್ಮ ಗ್ವಾಡಿ ಮ್ಯಾಲ ಕೆಂಪು ಗೀಟು ಹೊಡದು ಹೋಗ್ಯಾರ. ಯಾಕ ಹೊಡದ್ರಿ ಅಂತ ಕೇಳಿದ್ರ ಯಾರೂ ಹೇಳವಲ್ರು. ಗೀಟಿನ ಈಚಿ ಬಾಜೂಕ ಮಶೀನ್ ಅದ, ನಮ್ಮ ಸೊಸಿ ಅದ."

ಹೋಗಿ ನೋಡಿದೆ. ನಮ್ಮ ಕಚೇರಿಯವರು ಹೊಡೆದ ಗುರುತಲ್ಲ. ಸಮಿತಿ ಇನ್ನೂ ಸೇರಿರಲಿಲ್ಲ, ಎಣಿಕೆಯ ವರದಿ ಇನ್ನೂ ಬಂದಿರಲಿಲ್ಲ, ಗೋಡೆಯ ಮೇಲೆ ಒಡೆಯುವ ಗೀಟು ಮಾತ್ರ ಬಂದಿತ್ತು. ವರದಿಯಲ್ಲಿ ಏನು ಬರಲಿದೆ ಎಂದು ಯಾರಿಗೋ ಮೊದಲೇ ಗೊತ್ತಿತ್ತು. ನನ್ನ ಮೈ ಉರಿಯಿತು. ರುಕ್ಮಾಬಾಯಿಗೆ ಸುಣ್ಣ ತಂದು ಗೀಟಿನ ಮೇಲೆ ಬಳಿ ಎಂದೆ. ಸರ್ಕಾರಿ ಗುರುತು ಅಳಿಸಿದರೆ ಕೇಸು ಹಾಕುತ್ತಾರೆ ಎಂದು ಅವಳು ಹೆದರಿದಳು. ಇದು ಸರ್ಕಾರಿ ಗುರುತಲ್ಲ, ಸರ್ಕಾರದವಳು ನಾನೇ ಹೇಳುತ್ತಿದ್ದೇನೆ ಎಂದ ಮೇಲೆ ಬಳಿದಳು.

ವಾರ ಕಳೆದು ವರದಿ ಬಂತು. ಎಣಿಕೆ ಮಾಡಿದವರು ಹೊರಗಿನ ಒಂದು ಸಂಸ್ಥೆಯವರು. ನುಣುಪು ಕಾಗದ, ಬಣ್ಣಬಣ್ಣದ ಚಿತ್ರಪಟ. ಹಳೇ ನಾಕಾ ಓಣಿಯ ರಸ್ತೆಯಲ್ಲಿ ದಿನವಿಡೀ ಬೆರಳೆಣಿಕೆಯ ಟ್ರ್ಯಾಕ್ಟರು, ಲಾರಿ ಇಲ್ಲವೇ ಇಲ್ಲ, ರಸ್ತೆ ಬಹಳಷ್ಟು ಖಾಲಿ ಇದೆ ಎಂದು ಅದರ ಸಾರ. ನಾನು ಆ ರಸ್ತೆಯಲ್ಲಿ ಸೀರೆ ನೆರಿಗೆ ಎತ್ತಿಕೊಂಡು ಟ್ರಾಲಿಗೆ ದಾರಿ ಬಿಟ್ಟು ಎಷ್ಟು ಸಲ ನಿಂತಿಲ್ಲ. ಕ್ಯಾಮೆರಾ ಸುಳ್ಳು ಹೇಳುವುದಿಲ್ಲ, ನನ್ನ ಕಣ್ಣೂ ಸುಳ್ಳು ಹೇಳುವುದಿಲ್ಲ. ವರದಿಯ ಮೊದಲ ಪುಟ ತಿರುವಿ ದಿನಾಂಕ ನೋಡಿದೆ. ಆಮೇಲೆ ತಲೆಯೆತ್ತಿ ಗೋಡೆಯ ಮೇಲಿನ ಕ್ಯಾಲೆಂಡರು ನೋಡಿದೆ. ಆ ದಿನದ ಮನೆಯಲ್ಲಿ ದೊಡ್ಡ ಕಪ್ಪು ಚುಕ್ಕಿ ಇತ್ತು.

ಅಮಾಸಿ. ನಮ್ಮ ಬಜಾರಿನಲ್ಲಿ ಅಮಾವಾಸ್ಯೆಯ ದಿನ ಅಡತ್ ಅಂಗಡಿಗಳು ವ್ಯಾಪಾರ ಮಾಡುವುದಿಲ್ಲ. ತಕ್ಕಡಿಗೆ ಪೂಜೆ ಮಾಡಿ ಸುಮ್ಮನಿರುತ್ತಾರೆ. ಹಮಾಲರಿಗೆ ಅವತ್ತು ರಜೆ, ಹಳ್ಳಿಯಿಂದ ಮಾಲು ಬರುವುದಿಲ್ಲ, ಮಾಲು ಒಯ್ಯುವ ಲಾರಿಯೂ ಬರುವುದಿಲ್ಲ. ಅವತ್ತು ಓಡಾಟವೆಲ್ಲ ಮಾಣಿಕನಗರದ ಕಡೆಗೆ, ಮಠಕ್ಕೆ ಹೋಗುವ ಆಟೋಗಳದ್ದು. ನಾನೂ ಅವತ್ತು ಅತ್ತೆಯವರನ್ನು ಕರೆದುಕೊಂಡು ಆಟೋದಲ್ಲಿ ಇಕ್ಕಟ್ಟಿಕೊಂಡು ಅಲ್ಲಿಗೆ ಹೋಗಿಬಂದಿದ್ದೆ. ಇಡೀ ತಿಂಗಳಲ್ಲಿ ಆ ಓಣಿಯ ರಸ್ತೆ ಖಾಲಿ ಇರುವ ದಿನ ಅದೊಂದೇ.

ಎಣಿಸಿದ ಹುಡುಗನಿಗೆ ಫೋನು ಮಾಡಿದೆ. ಹೈದರಾಬಾದಿನವನು, ಪಾಪ, ಅವನಿಗೆ ಅಮಾಸಿಗೂ ರಸ್ತೆಗೂ ಏನು ಸಂಬಂಧ ಎಂದೇ ತಿಳಿಯಲಿಲ್ಲ. ಈ ದಿನವೇ ಬಾ ಎಂದು ಅರ್ಜಿದಾರರ ಮನೆಯಿಂದ ಹೇಳಿದ್ದರು, ಬಂದೆ ಎಂದ. ಪರವೂರಿನ ಯಾವ ಇಂಜಿನಿಯರಿಗೂ ಇಂಥ ಉಪಾಯ ಹೊಳೆಯುವುದಿಲ್ಲ. ಇದು ಇಲ್ಲೇ ಹುಟ್ಟಿ, ಇಲ್ಲೇ ಕಾಳು ಮಾರಿ ಬೆಳೆದವರ ತಲೆಯಿಂದ ಬಂದದ್ದು.

ಸಾಹೇಬರ ಮುಂದೆ ವರದಿಯನ್ನೂ ಕ್ಯಾಲೆಂಡರನ್ನೂ ಒಯ್ದಿಟ್ಟೆ. ಮತ್ತೊಮ್ಮೆ ಎಣಿಕೆ ಮಾಡಿಸಬೇಕು ಎಂದು ಟಿಪ್ಪಣಿ ಬರೆದಿದ್ದೆ. ಅವರು ಕೆಟ್ಟ ಮನುಷ್ಯರಲ್ಲ. ನಿವೃತ್ತಿ ಹತ್ತಿರ ಬಂದಿತ್ತು, ಯಾವ ಕಡತವೂ ತಮ್ಮ ಮೇಜಿನ ಮೇಲೆ ಸಿಡಿಯಬಾರದು ಎಂಬುದಷ್ಟೇ ಅವರಿಗೆ ಬೇಕಿತ್ತು. ಟಿಪ್ಪಣಿ ಓದಿ ಕನ್ನಡಕ ತೆಗೆದು ಕೆಳಗಿಟ್ಟರು.

"ಮೇಡಂ, ಸರ್ಕಾರಿ ಕಡತದಾಗ ಅಮಾಸಿ ಹುಣ್ಣಿಮಿ ಬರೀತೀರೇನ್ರಿ? ಓದಿದವರು ನೀವು. ನಾಳಿ ಆಡಿಟ್‌ನವರು ಮೂಢನಂಬಿಕಿ ಅಂತ ನಮ್ಮನ್ನ ಹಿಡಕೊಂಡು ಕೇಳ್ತಾರ."

"ಅಮಾಸಿ ನಾ ನಂಬಂಗಿಲ್ರಿ ಸರ. ಅಡತ್ ನಂಬತದ."

ಅವರು ನೋಡೋಣ್ರಿ ಎಂದರು. ಅದರ ಅರ್ಥ ನಾನು ಆಗಲೇ ಹೇಳಿದ್ದೇನೆ.

ನಡುವೆ ವೈಜಿನಾಥಪ್ಪ ಒಮ್ಮೆ ನಮ್ಮ ಮನೆಗೂ ಬಂದರು. ಬೆಲ್ಲದಂಥ ಮಾತಿನ ಮನುಷ್ಯ, ನನಗೆ ಅಕ್ಕಾರ ಎಂದೇ ಅನ್ನುವರು. ಓಣಿಯ ಜನಕ್ಕೆ ಇದರಿಂದ ಒಳ್ಳೆಯದೇ ಆಗುತ್ತದೆ, ಡಾಂಬರು ಬರುತ್ತದೆ, ದೀಪ ಬರುತ್ತವೆ ಎಂದು ತಿಳಿಸಿ ಹೇಳಿದರು. ಒಳ್ಳೆಯದು ಯಾವುದೆಂದು ಓಣಿಯವರನ್ನೇ ಕೇಳಬೇಕಿತ್ತು, ಅದೂ ಗೋಡೆಗೆ ಕೆಂಪು ಬಳಿಯುವುದಕ್ಕೆ ಮುಂಚೆ ಎಂದೆ. ಅವರು ಚಹಾ ಪೂರ್ತಿ ಕುಡಿದು, ನಮಸ್ಕಾರ ಮಾಡಿ ಹೋದರು. ಹೋಗುವಾಗ ಗೇಟು ಹಾಕಿದ ಸಪ್ಪಳ ಮಾತ್ರ ಬೆಲ್ಲದಂತಿರಲಿಲ್ಲ.

ಸಮಿತಿಯ ಸಭೆಯ ದಿನ ಬಂತು. ಸಭೆಗೆ ಸಾರ್ವಜನಿಕರು ಬರಬಹುದು ಎಂದು ನಿಯಮದಲ್ಲಿ ಎಲ್ಲೂ ಇರಲಿಲ್ಲ, ಬರಬಾರದು ಎಂದೂ ಇರಲಿಲ್ಲ. ನಾನು ರುಕ್ಮಾಬಾಯಿಗೂ ಓಣಿಯ ನಾಲ್ಕೈದು ಹೆಂಗಸರಿಗೂ ಬರಲು ಹೇಳಿದೆ. ಕೂಲಿ ಬಿಟ್ಟು ಬಂದು ಗೋಡೆಗುಂಟ ನಿಂತರು. ಸಾಹೇಬರು ಇವರ್ಯಾರು ಎಂದು ಕೇಳಿದರು. ರಸ್ತೆಯವರು ಎಂದೆ. ಕುರ್ಚಿ ತರಿಸಿದೆ. ಈ ಸಲ ಅವರು ಕೂತರು.

ಆ ಸಭೆಯಲ್ಲಿ ನನಗೆ ಎಲ್ಲರಿಗಿಂತ ಹೆಚ್ಚು ಆತಂಕವಿದ್ದದ್ದು ಘಾಳೆಪ್ಪ ಸಾಹುಕಾರರ ಬಗ್ಗೆ. ಅವರು ಸಮಿತಿಯಲ್ಲಿ ವ್ಯಾಪಾರಿಗಳ ಪರ ಸದಸ್ಯರು, ಬಜಾರಿನಲ್ಲಿ ಎಲ್ಲರಿಗಿಂತ ಹಳೇ ಅಡತ್ ಅವರದು. ಅವರ ಮಾತೆಂದರೆ ಸಮಿತಿಯ ಮಾತು. ಆದರೆ ವೈಜಿನಾಥಪ್ಪ ಅವರಿಗೆ ಖಾಸಾ ಬೀಗರು, ತಮ್ಮ ಮಗಳನ್ನು ಸಾಹುಕಾರರ ಮನೆಗೇ ಕೊಟ್ಟಿದ್ದರು. ವರದಿ ಓದಿದ್ದಾಯಿತು. ಪ್ಲಾಟಿನ ಮಾಲೀಕರ ಪ್ರತಿನಿಧಿ ಎದ್ದು, ಎಲ್ಲ ಸರಿಯಿದೆ, ಒಪ್ಪಿಗೆ ಕೊಡೋಣ ಎಂದರು. ಹೆಡ್‌ಮಾಸ್ತರರು ಎಂದಿನಂತೆ ಎಲ್ಲರೂ ಒಪ್ಪಿದರೆ ನಾನೂ ಒಪ್ಪುತ್ತೇನೆ ಎಂದರು. ಸಾಹೇಬರು ಸಹಿ ಮಾಡಲು ಪೆನ್ನು ತೆಗೆದರು.

ನಾನು ಎದ್ದು ನಿಂತೆ. ಸಾಹೇಬರ ಕಡೆ ನೋಡಲಿಲ್ಲ.

"ಸಾಹುಕಾರ್ರ, ಒಂದೇ ಮಾತು ಕೇಳತೇನ್ರಿ. ಈ ಎಣಿಕಿ ಆದ ದಿನ ಅಮಾಸಿ ಇತ್ತು. ಅವತ್ತು ನಿಮ್ಮ ಅಡತ್‌ದಾಗ ತಕ್ಕಡಿ ಕಟ್ಟಿದ್ರೇನ್ರಿ?"

ಹೊರಗಿನವರಿಗೆ ಇದು ಸಾದಾ ಪ್ರಶ್ನೆ. ನಮ್ಮ ಬಜಾರಿನವರಿಗೆ ಅಲ್ಲ. ಹೌದು, ತೂಗಿದ್ದೆವು ಎಂದರೆ ಬೀಗರ ಎಣಿಕೆ ಉಳಿಯುತ್ತದೆ. ಆದರೆ ಅಮಾಸಿ ದಿನ ತೂಕ ಮಾಡಿದ ಸಾಹುಕಾರ ಎಂಬ ಮಾತು ಸಂಜೆಯೊಳಗೆ ಇಡೀ ಬಜಾರು ಸುತ್ತುತ್ತದೆ. ಇಲ್ಲ ಎಂದರೆ ಎಣಿಕೆ ಬೀಳುತ್ತದೆ. ಅವರು ಮೇಜಿನ ಮೇಲಿನ ವರದಿಯನ್ನು ಆಚೆ ಸರಿಸಿ, ಗೋಡೆಯ ಕಡೆ ನೋಡಿದರು. ಗೋಡೆಯ ಕಡೆ ಕೂತ ಹೆಂಗಸರಲ್ಲಿ ಇಬ್ಬರು ಅವರ ಅಡತ್‌ನಲ್ಲೇ ಕಾಳು ಹಸನು ಮಾಡುವವರು. ಅವತ್ತು ಕೂಲಿ ಇತ್ತೋ ಇಲ್ಲವೋ ಅವರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ.

"ನಮ್ಮ ಮುತ್ಯಾನ ಕಾಲದಿಂದ ಅಮಾಸಿಗಿ ತಕ್ಕಡಿ ಮುಟ್ಟಿಲ್ಲ," ಎಂದರು ಕೊನೆಗೆ. "ಬರಕೋರಿ ಬಾಯಿ. ಬಜಾರ್ ಬಂದ್ ಇತ್ತು."

ಬರೆದುಕೊಂಡೆ. ಅಕ್ಷರಶಃ ಅವರ ಮಾತನ್ನೇ, ಮುತ್ಯಾ ಸಮೇತ. ಮೂಢನಂಬಿಕೆ ಎಂದು ಸಾಹೇಬರಿಗೆ ಅನ್ನಲಿಕ್ಕಾಗಲಿಲ್ಲ, ಯಾಕೆಂದರೆ ಈಗ ಅದನ್ನು ಹೇಳಿದ್ದು ಸಾಹುಕಾರರು. ಬಜಾರಿನ ದಿನ ಎರಡನೇ ಎಣಿಕೆ ಮಾಡಿಸಬೇಕು ಎಂದು ಸಮಿತಿ ಸಲಹೆ ಕೊಟ್ಟಿತು.

ಎರಡನೇ ಎಣಿಕೆಗೆ ಅದೇ ಹುಡುಗ, ಅದೇ ಕ್ಯಾಮೆರಾ. ಮಧ್ಯಾಹ್ನದ ಹೊತ್ತಿಗೆ ಎರಡು ಟ್ರಾಲಿ ಎದುರಾಬದುರಾಗಿ ಸಿಕ್ಕಿಬಿದ್ದು, ಬೈದಾಟ ನಡೆದು, ಇವನ ಕಂಬಕ್ಕೇ ಒಂದು ಟ್ರಾಲಿಯ ಮೂಲೆ ತಾಗಿ ಕ್ಯಾಮೆರಾ ವಾಲಿತಂತೆ. ರಸ್ತೆ ತುಂಬಿ ಹೊರಚೆಲ್ಲುತ್ತಿದೆ ಎಂದು ಅವನೇ ವರದಿಯಲ್ಲಿ ಬರೆದ.

ಇಷ್ಟಾದ ಮೇಲೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಸಾಹೇಬರು ನನ್ನನ್ನು ಕರೆದು ಬಹಳ ಪ್ರೀತಿಯಿಂದ ಒಂದು ದಾರಿ ಹೇಳಿದರು. ಎರಡು ಎಣಿಕೆ ಇವೆ, ಎರಡನ್ನೂ ಕೂಡಿಸಿ ಸರಾಸರಿ ತೆಗೆಯಿರಿ, ಯಾರಿಗೂ ಬೇಜಾರಾಗುವುದಿಲ್ಲ ಎಂದರು. ಸರಾಸರಿ ತೆಗೆದರೆ ರಸ್ತೆ ಅರ್ಧ ಖಾಲಿ ಎಂದು ಬರುತ್ತಿತ್ತು, ಓಣಿಗೆ ಬಾಯಿ ತೆರೆಯಲಿಕ್ಕೆ ಅಷ್ಟು ಸಾಕಿತ್ತು. ಹೊಸಬರೇ, ನಿಮಗೆ ಈ ಸರಾಸರಿ ಮಾತು ಕೆಲಸದುದ್ದಕ್ಕೂ ಕೇಳಿಬರುತ್ತದೆ. ಕೇಳಲಿಕ್ಕೆ ಬಹಳ ನ್ಯಾಯವಾಗಿರುತ್ತದೆ. ತಿಂಗಳಿಗೊಂದು ಅಮಾಸಿ, ಉಳಿದ ದಿನವೆಲ್ಲ ಬಜಾರು. ಒಂದಕ್ಕೊಂದು ಸಮ ಎಂದು ಕೂಡಿಸಿದರೆ ಅದು ಲೆಕ್ಕವಲ್ಲ, ಕಣ್ಣಿಗೆ ಮಣ್ಣು.

ಆಗಲ್ಲ ಎಂದೆ. ಸಮಿತಿಯದು ಬರೀ ಸಲಹೆ, ತೀರ್ಮಾನ ನನ್ನದು ಎಂದು ಅವರು ನೆನಪು ಮಾಡಿದರು. ಹೌದು ಸರ್, ತೀರ್ಮಾನ ನಿಮ್ಮದು, ಸಲಹೆ ಕಡತದಲ್ಲಿ ಇರಲಿ, ಅದರ ಕೆಳಗೆ ನಿಮ್ಮ ಕೈಯಿಂದ ಬೇರೆ ಬರೆದು ಸಹಿ ಮಾಡಿ ಎಂದೆ. ನಾನು ಬರೆದ ಟಿಪ್ಪಣಿ ಇಷ್ಟೇ: ರಸ್ತೆ ತುಂಬಿದೆ, ಅರ್ಜಿದಾರರು ತಮ್ಮ ಜಮೀನಿನಲ್ಲಿ ಹೆದ್ದಾರಿವರೆಗೆ ರಸ್ತೆ ಬಿಡಬೇಕು, ಓಣಿಯ ಜನಕ್ಕೂ ಅದರ ಮೇಲೆ ಓಡಾಡಲು ದಾರಿ ಇರಬೇಕು, ಪೂರ್ತಿ ಶುಲ್ಕ ಕೊಡಬೇಕು. ಅಮಾಸಿ ಎಂಬ ಪದವನ್ನೂ ಬರೆದೆ. ಸಾಹೇಬರ ಪೆನ್ನು ಬಹಳ ದಿನ ಎತ್ತಿದ್ದು ಎತ್ತಿದಂತೆಯೇ ಉಳಿಯಿತು. ಬೇರೆ ಬರೆಯುವ ಧೈರ್ಯವೂ ಇಲ್ಲ, ಒಪ್ಪುವ ಮನಸ್ಸೂ ಇಲ್ಲ.

ಆ ನಡುವೆ ನನಗೆ ಬಸವಕಲ್ಯಾಣಕ್ಕೆ ವರ್ಗವಾಯಿತು. ಅದನ್ನು ಶಿಕ್ಷೆ ಎಂದು ಮಾಡಿಸಿದವರಿಗೆ ಅದು ನನ್ನ ತವರೂರು ಎಂದು ಯಾರೂ ಹೇಳಿರಲಿಲ್ಲ. ಹೋಗುವ ದಿನ ಕಡತವನ್ನು ಮೇಜಿನ ನಡುವೆ, ಎಲ್ಲರ ಕಣ್ಣಿಗೆ ಬೀಳುವಂತೆ ಇಟ್ಟು ಹೋದೆ. ನಾನು ಹೆದರಿದ್ದೆನೇ ಎಂದು ಆ ಹುಡುಗಿಯರು ಕೇಳಿದರು. ಹೆದರಿದ್ದೆ. ರುಕ್ಮಾಬಾಯಿಯ ಗೋಡೆ ನಾನಿಲ್ಲದಾಗ ಬಿದ್ದರೆ ಏನು ಮುಖ ತೋರಿಸುವುದು ಎಂದು ಬಸ್ಸಿನಲ್ಲಿ ಕೂತು ಅತ್ತಿದ್ದೂ ಉಂಟು. ಹಾಗಂತ ಬರೆದದ್ದನ್ನು ಒಂದಕ್ಷರವೂ ತಿದ್ದಬೇಕು ಎನ್ನಿಸಲಿಲ್ಲ, ಇವತ್ತಿಗೂ ಅನ್ನಿಸುವುದಿಲ್ಲ.

ಸಾಹೇಬರು ನಿವೃತ್ತರಾದರು. ಅವರ ಜಾಗಕ್ಕೆ ಬಂದವರು ಕಡತ ತೆರೆದು, ಸಾಹುಕಾರರ ಮಾತು ಓದಿ, ನನ್ನ ಟಿಪ್ಪಣಿಗೆ ಒಪ್ಪಿದೆ ಎಂದು ಸಹಿ ಹಾಕಿದರು. ಅವರನ್ನು ನಾನು ನೋಡಿಯೂ ಇಲ್ಲ. ವೈಜಿನಾಥಪ್ಪ ಒಂದಷ್ಟು ದಿನ ಅಲ್ಲಿ ಇಲ್ಲಿ ಓಡಾಡಿ, ಕೊನೆಗೆ ಹೆದ್ದಾರಿಯ ಕಡೆಯ ಪ್ಲಾಟು ಬಿಟ್ಟುಕೊಟ್ಟು ರಸ್ತೆ ಮಾಡಿದರು. ಮಾಡಿದ ಮೇಲೆ ಅಚ್ಚುಕಟ್ಟಾಗಿಯೇ ಮಾಡಿದರು, ಅದನ್ನು ಒಪ್ಪಬೇಕು. ಅಗಲ ರಸ್ತೆ, ಎರಡೂ ಬದಿ ಚರಂಡಿ, ಬಾಯಲ್ಲಿ ತಮ್ಮ ತಂದೆಯ ಹೆಸರಿನ ಕಮಾನು.

ಉದ್ಘಾಟನೆಯ ಬೆಳಿಗ್ಗೆ ರುಕ್ಮಾಬಾಯಿಯ ಫೋನು ಬಂತು. ಓಣಿಯ ಕೊನೆಗೆ, ಹೊಸ ರಸ್ತೆ ಶುರುವಾಗುವಲ್ಲಿ, ಕಬ್ಬಿಣದ ಗೇಟು ಹಾಕಿ ಕಾವಲುಗಾರನನ್ನು ನಿಲ್ಲಿಸಿದ್ದಾರೆ, ಆಮಂತ್ರಣದ ಕಾರ್ಡ್ ಇದ್ದವರಿಗೆ ಅಷ್ಟೇ ಅಂತ ಹೇಳುತ್ತಿದ್ದಾನೆ ಎಂದಳು. ಇವತ್ತು ಕಾರ್ಡ್ ಕೇಳಿದವರು ನಾಳೆಯೂ ಕೇಳುತ್ತಾರೆ, ಆಮೇಲೆ ಆ ಗೇಟು ತೆರೆಯುವುದೇ ಇಲ್ಲ. ನಾನು ಸಿಕ್ಕ ಬಸ್ಸು ಹತ್ತಿ ಬಂದೆ. ಓಣಿಯ ಹೆಂಗಸರೆಲ್ಲ ಗೇಟಿನ ಈಚೆ ನಿಂತಿದ್ದರು. ಆಚೆ ಪೆಂಡಾಲು, ಕುರ್ಚಿ, ಹಾರ ಹಿಡಿದ ಜನ. ನನ್ನನ್ನು ನೋಡಿ ವೈಜಿನಾಥಪ್ಪನವರೇ ಗೇಟಿನ ತನಕ ಬಂದರು. ಬಿಳಿ ಧೋತ್ರ, ಹಣೆಗೆ ವಿಭೂತಿ, ಅದೇ ಬೆಲ್ಲದ ದನಿ.

"ಅಕ್ಕಾರ, ನೀವು ಈಗ ಇಲ್ಲಿ ಆಫೀಸಿನವರಲ್ಲ. ನಿಮಗ ಯಾರ್ ಕರದಾರ್ರಿ?"

"ಯಾರೂ ಕರದಿಲ್ರಿ. ರಸ್ತಾಕ್ಕ ಬರಾಕ ಯಾರ್ ಕರೀಬೇಕ್ರಿ? ಗೇಟ್ ತಗೀಲಿಕ್ಕ ಹೇಳ್ರಿ."

ಪೆಂಡಾಲಿನಲ್ಲಿ ಕೂತವರು ತಿರುಗಿ ನೋಡತೊಡಗಿದರು. ಘಾಳೆಪ್ಪ ಸಾಹುಕಾರರೂ ಅಲ್ಲಿದ್ದರು, ಅವರು ಮಾತ್ರ ಬೇರೆ ಕಡೆ ನೋಡುತ್ತಿದ್ದರು. ನಾನು ಗೇಟಿನ ಸರಳು ಹಿಡಿದು ನಿಂತೆ. ಹೆಂಗಸರೂ ಬಂದು ನನ್ನ ಅಕ್ಕಪಕ್ಕ ಹಿಡಿದರು. ವೈಜಿನಾಥಪ್ಪ ತಿರುಗಿ ನೋಡುತ್ತಿದ್ದವರ ಕಡೆ ಒಮ್ಮೆ ನೋಡಿ, ಕಾವಲುಗಾರನಿಗೆ ಕಣ್ಣಿನಲ್ಲೇ ಸನ್ನೆ ಮಾಡಿ, ಪೆಂಡಾಲಿನ ಕಡೆ ಹೊರಟುಹೋದರು.

ಗೇಟು ತೆರೆಯಿತು. ಒಳಗೆ ಹೋದ ಹೆಂಗಸರು ರೂಢಿಯಂತೆ ಚರಂಡಿಯ ಬದಿ ಹಿಡಿದು ಒಬ್ಬರ ಹಿಂದೊಬ್ಬರು ನಡೆಯಹತ್ತಿದರು. ಟ್ರಾಲಿಗಳಿಗೆ ದಾರಿ ಬಿಟ್ಟು ಬಿಟ್ಟು ಕಾಲಿಗೆ ಅದೇ ಅಭ್ಯಾಸ. ನಾನು ಬಾಯಿ ತೆರೆಯುವಷ್ಟರಲ್ಲಿ ರುಕ್ಮಾಬಾಯಿ ಸೊಸೆಯ ಕೈ ಹಿಡಿದು ರಸ್ತೆಯ ನಟ್ಟನಡುವೆ ಬಂದು ನಿಂತು, ಹಿಂದಕ್ಕೆ ತಿರುಗಿದಳು.

"ಬಾಜೂಕ ಯಾಕ ನಡೀಲಿಕತ್ತೀರಿ? ನಡುವ ಬರ್ರಿ."